ಇಡ್ಲಿ ಹಂಡೆಯಲ್ಲಿ ಹುಲ್ಲಿನ ಎಣ್ಣೆ

ಐದನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು. ಆದರೆ ಹಬೆಯ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂದುಕೊಂಡಿದ್ದೆ. ಮಾಟುಂಗದ ಹೋಟೆಲಿನಲ್ಲಿ ಇಡ್ಲಿ ಬೇಯಿಸುತ್ತಲೇ ನನ್ನ ಕೂದಲು ನರೆತಿತ್ತು. ಹೊಸ ಸ್ಟೀಮರ್ ಬಂದಾಗ ಧಣಿಗಳು ಹಳೆಯ ಹಂಡೆಯನ್ನು ನನಗೇ ಕೊಟ್ಟರು.

ಹೋಟೆಲಿಗೆ ಬರುತ್ತಿದ್ದ ಟೀಚರೊಬ್ಬರು ರಿಟೈರಾದ ಮೇಲೆ ವಿಲೆ ಪಾರ್ಲೆಯ ತಮ್ಮ ಮನೆಯಲ್ಲಿ ಸಾಬೂನು ಮಾಡುತ್ತಿದ್ದರು. ಅವರಿಗೆ ಮಜ್ಜಿಗೆ ಹುಲ್ಲಿನ ಎಣ್ಣೆ ಬೇಕಿತ್ತು, ಕೆಮಿಕಲ್ ಸೋಕಿರಬಾರದು. ಭಾನುವಾರದೊಳಗೆ ನಾನೇ ಮಾಡಿಕೊಡುತ್ತೇನೆ ಎಂದುಬಿಟ್ಟೆ. ಇಲ್ಲಿನವರು ಚಹಾಕ್ಕೆ ಹಾಕುವ, ನಿಂಬೆಯ ಪರಿಮಳದ ಆ ಹುಲ್ಲು ಸಾಂತಾಕ್ರೂಜ್ ಮಾರ್ಕೆಟ್ಟಿನಲ್ಲಿ ದಿನವೂ ಬಾಡಿ ಉಳಿಯುತ್ತದೆ. ಕಸಕ್ಕೆ ಹೋಗುವುದನ್ನೇ ಕೇಳಿ ತಂದೆ.

ಪರಿಚಯದ ಅತ್ತರು ವ್ಯಾಪಾರಿಯೊಬ್ಬ, ಒಂದು ಕೆಮಿಕಲ್ಲಿನಲ್ಲಿ ನೆನೆಸಿಟ್ಟರೆ ಎಣ್ಣೆ ಬೇಗ ಬಿಡುತ್ತದೆ ಎಂದ. ಉಳಿದದ್ದನ್ನು ಎಲ್ಲಿ ಚೆಲ್ಲುವುದೆಂದು ಕೇಳಿದರೆ, ಗಟಾರ ಇದೆಯಲ್ಲ ಎಂದ. ಸಾಲು ಕೋಣೆಗಳ ನಮ್ಮ ಚಾಳಿನ ಗಟಾರ ನನ್ನ ಬಾಗಿಲ ಮುಂದೆಯೇ ಹರಿಯುತ್ತದೆ. ಬೇಡವೆಂದೆ.

ಹಂಡೆಯ ತಳದಲ್ಲಿ ನೀರು, ಮೇಲೆ ಜಾಲರಿ, ಅದರ ಮೇಲೆ ಹುಲ್ಲು. ಮುಚ್ಚಳಕ್ಕೆ ಕೂರಿಸಿದ ತಾಮ್ರದ ಕೊಳವೆ ತಣ್ಣೀರಿನ ಬಕೆಟ್ಟಿನಲ್ಲಿ ಸುತ್ತು ಹಾಕಿ ಬಾಟಲಿಗೆ ಇಳಿಯುತ್ತಿತ್ತು. ಹಬೆ ತಣಿದು ನೀರಾದಾಗ ಎಣ್ಣೆ ಅದರ ಮೇಲೆ ತೇಲಬೇಕು. ಮೂರು ದಿನ ಮಾಡಿದೆ. ಮೂರು ದಿನವೂ ಬರೀ ಪರಿಮಳದ ನೀರು. ಚಾಳಿನವರು ಮಾತ್ರ ಘಮಘಮ ಎಂದು ಹೊಗಳಿದರು. ಶನಿವಾರ ಬಂತು.

ಕಾರಣ ಹಿಡಿದವಳು ಹೆಂಡತಿ.

"ಹತ್ತು ನಿಮಿಷಕ್ಕೊಮ್ಮೆ ಮುಚ್ಚಳ ತೆಗೆದು ನೋಡ್ತೀರಲ್ಲ, ಇದೇನು ಇಡ್ಲಿಯಾ ಮಾರಾಯ್ರೆ? ಎಣ್ಣೆ ಎಲ್ಲ ಪಕ್ಕದ ಖೋಲಿಗೆ ಹೋಯ್ತು."

ಸಿಟ್ಟು ಬಂತು, ಆದರೆ ಅವಳು ಹೇಳಿದ್ದು ಸರಿ. ಬೆಂದಿದೆಯೇ ಎಂದು ಮುಟ್ಟಿ ನೋಡುವುದು ಕೈಗೆ ಹತ್ತಿದ ಅಭ್ಯಾಸ; ನೋಡುತ್ತಿದ್ದೇನೆಂಬುದೇ ನನಗೆ ತಿಳಿದಿರಲಿಲ್ಲ. ಅವಳು ಮೈದಾ ಕಲಸಿ ಮುಚ್ಚಳದ ಸುತ್ತ ಮೆತ್ತಿ, ಇನ್ನು ಮುಟ್ಟಿ ನೋಡುವಾ ಎಂದಳು. ಮೂರು ತಾಸು ಕೈಗಳನ್ನು ತೊಡೆಯಡಿ ಇಟ್ಟುಕೊಂಡು ಕೂತೆ. ಇಷ್ಟು ಕಷ್ಟದ ಕೆಲಸ ಹೋಟೆಲಿನಲ್ಲಿಯೂ ಮಾಡಿರಲಿಲ್ಲ. ಕೊನೆಗೆ ಬಾಟಲಿಯ ಕತ್ತಿನಲ್ಲಿ ಅರ್ಧ ಬೆರಳಿನಷ್ಟು ಹಳದಿ ಎಣ್ಣೆ ನಿಂತಿತ್ತು. ಬಕೆಟ್ಟಿನ ಬಿಸಿನೀರು ಪಾತ್ರೆ ತೊಳೆಯಲು ಆಯಿತು, ಬೆಂದ ಹುಲ್ಲು ಕುಂಡಗಳ ಬುಡಕ್ಕೆ.

ಭಾನುವಾರ ಟೀಚರ್ ಒಂದು ಹನಿಯನ್ನು ಬಿಳಿ ಕಾಗದದ ಮೇಲೆ ಬಿಟ್ಟು ಕಾದರು. ಬೇರೆ ಎಣ್ಣೆ ಬೆರೆತಿದ್ದರೆ ಜಿಡ್ಡಿನ ಕಲೆ ಉಳಿಯುತ್ತದಂತೆ. ಹನಿ ಆರಿತು, ಕಾಗದ ಬೆಳ್ಳಗೇ ಇತ್ತು. ವಾರಕ್ಕೆ ಇಂಥ ಹತ್ತು ಬಾಟಲಿ ಸಿಗಬಹುದೇ ಎಂದು ಕೇಳಿದರು.

"ಒಂದು ಸಿಗ್ತದೆ ಟೀಚರ್. ಅವಸರ ಇದ್ರೆ ಬೇರೆಯವರಿದ್ದಾರೆ."

ಅವರು ಒಳಗೆ ಹೋಗಿ, ತೊಳೆದು ಒಣಗಿಸಿದ ಖಾಲಿ ಬಾಟಲಿಯೊಂದನ್ನು ತಂದು ನನ್ನ ಕೈಗಿತ್ತರು.