ಅತ್ತಿಯ ಹಾಡಿನ ಮ್ಯಾಲ ನನ್ನ ಭಾಷಣ

ಮೊನ್ನಿ ಭಾಲ್ಕಿಯ ಮದುವಿ ಮಂಟಪದಾಗ ನಾ ಪೆನ್ಸಿಲ್ ಹುಡುಕ್ಕೋತ ಹೊಂಟಿದ್ದೆ. ಬರೀಲಿಕ್ಕ ಅಲ್ರಿ, ಹಳೇ ಕ್ಯಾಸೆಟ್ಟಿನ ಸಡಿಲಾದ ರೀಲು ಸುತ್ತಲಿಕ್ಕ. ತೂತಿನಾಗ ಪೆನ್ಸಿಲ್ ಹಾಕಿ ಗಿರಗಿರ ತಿರುಗಿಸೂದು ನಮ್ಮ ವಯಸ್ಸಿನವ್ರ ಕೈ ಇನ್ನೂ ಮರ್ತಿಲ್ಲ. ಆದ್ರ ಆವತ್ತು ರೀಲು ಹರೀದಂಗ ಭಾಳ ಹುಷಾರಾಗಿ ಸುತ್ತಬೇಕಿತ್ತು. ಯಾಕಂದ್ರ ಆ ರೀಲಿನಾಗ ಕಾಶಮ್ಮತ್ತಿಯ ಹರೇದ ದನಿ ಇತ್ತು.

ಕಾಶಮ್ಮತ್ತಿ ನಮ್ಮಪ್ಪನ ತಂಗಿ. ಮದುವಿ ಊಟದಾಗ ಹಾಡು ಕಟ್ಟಿ ಬೀಗರನ್ನ ಮಸ್ಕಿರಿ ಮಾಡೂ ರೂಢಿ ನಮ್ಮ ಕಡಿ ಅದ ಅಲ್ರಿ, ಅದರಾಗ ಆಕಿ ಎತ್ತಿದ ಕೈ. ಪುಸ್ತಕ ಇಲ್ಲ, ಬಾಯಿಪಾಠ ಇಲ್ಲ. ಪಂಕ್ತಿ ಕಡಿ ಒಮ್ಮಿ ನೋಡಿದ್ಳಂದ್ರ ಮುಗೀತು. ಯಾರ ಮೀಸಿ ದೊಡ್ಡದೋ, ಯಾರು ನಾಕನೇ ಹೋಳಗಿಗಿ ಕೈ ಚಾಚ್ಯಾರೋ, ಅದೇ ಅಲ್ಲೇ ಹಾಡಾಗ್ತಿತ್ತು. ಔರಾದ, ಕಮಲನಗರ ತನಕ ಆಕಿನ್ನ ಕರಸ್ತಿದ್ರು. ಬೈಸ್ಕೊಂಡ ಬೀಗರೇ ಸೀರಿ ಉಡಿಸಿ ಕಳಸ್ತಿದ್ರು.

ಮನ್ಯಾಗ ಆಕಿ ಹಾಡಿದ ಕ್ಯಾಸೆಟ್ ಇದ್ದದ್ದು ಒಂದೇ. ಅದನ್ನ ಅಳಸಿದಾವ ನಾನೇ! ಕಾಲೇಜಿನಾಗ ಭಾಷಣದ ಹುಚ್ಚು ಹತ್ತಿತ್ತು. ಖಾಲಿ ಅದ ಅಂತ ತಿಳದು, ಯುವಕರ ಹೊಣಿ ಏನಂತ ಅರ್ಧ ತಾಸು ಅದರ ಮ್ಯಾಲ ಒದರಿಬಿಟ್ಟೆ. "ಹೋಗ್ಲಿ ಬಿಡೋ ಅಳಿಯಾ, ಗಂಟಲ ನನ್ನ ಹತ್ರನೇ ಅದ ಅಲ್ಲ" ಅಂತ ಅತ್ತಿ ನಕ್ಕಿದ್ಳು.

ಮುಂದ ಗಂಟಲೂ ಹೋಯ್ತು. ಆಪರೇಷನ್ ಆಗಿ ಜೀವ ಉಳೀತು, ದನಿ ಪಿಸುಮಾತಿಗಿ ಇಳೀತು. ಅತ್ತಿ ಮದುವಿಗಿ ಹೋಗೂದೇ ಬಿಟ್ಳು. ಒಂದಿನ ಮೊಮ್ಮಗಳು ಗೌರಿ, "ಅಜ್ಜಿ, ನೀ ಖರೇನ ಹಾಡ್ತಿದ್ದೇನು?" ಅಂದಾಗ ನಾ ಅಲ್ಲೇ ಕೂತಿದ್ದೆ. ಅತ್ತಿ ನನ್ನ ಕಡಿ ನೋಡ್ಲಿಲ್ಲ. ನನಗ ಭೂಮಿಯಾಗ ಇಳದಂಗ ಆಯ್ತು.

ಹೋದ ತಿಂಗಳು ಬೀದರಿನಾಗ ಮಸ್ತಾನಸಾಬರು ಸಿಕ್ಕರು. ಆಗಿನ ಕಾಲಕ್ಕ ಎಲ್ಲಾ ಮದುವಿಗಿ ಮೈಕ್ ಹಚ್ಚಾವ್ರು ಅವರೇ. ನನ್ನ ಪಾಪ ಹೇಳ್ಕೊಂಡ್ರ ಮುದುಕ ಹೊಟ್ಟಿ ಹಿಡಕೊಂಡು ನಕ್ಕರು.

"ಅರೆ, ಕಾಶಕ್ಕನ ಮೂರು ಕ್ಯಾಸೆಟ್ ನನ್ನ ಹತ್ರ ಅವ ರೀ! ಠಾಣಾ ಕುಶನೂರ ಮದುವಿಯಾಗ ಮೈಕಿಗಿ ಟೇಪ್ ಜೋಡ್ಸಿ ಹಿಡದೀನಿ. ಕ್ಯಾಸೆಟ್ಟಿನ ಅಂಚಿನ ಸಣ್ಣ ಚಿಪ್ಪೂ ಮುರದಿಟ್ಟೀನಿ. ಅದು ಮುರದ್ರ ನಿಮ್ಮಂಥಾವ್ರಿಗಿ ಮತ್ತ ರೆಕಾರ್ಡ್ ಮಾಡ್ಲಿಕ್ಕ ಬರೂದಿಲ್ರಿ."

ಮೊನ್ನಿ ಭಾಲ್ಕಿಯಾಗ ಇದ್ದದ್ದು ಗೌರಿಯ ಅಣ್ಣನ ಮದುವಿ. ಅತ್ತಿನ್ನ ಕೈಕಾಲು ಹಿಡದು ಕರಕೊಂಡು ಬಂದ್ವಿ. ಬೀಗರು ಊಟಕ್ಕ ಕೂತ ಮ್ಯಾಲ ನಾ ಪೆನ್ಸಿಲ್ ಹಾಕಿ ರೀಲು ಸುತ್ತಿ ಕೊಟ್ಟೆ, ಮಸ್ತಾನಸಾಬರು ಗುಂಡಿ ಒತ್ತಿದ್ರು. ಕರಕರ ಅಂತು, ಆಮ್ಯಾಲ ಬಂತು ನೋಡ್ರಿ ಆ ದನಿ! ದೊಡ್ಡ ಮೀಸಿಯ ಬೀಗನ್ನ ಎತ್ತಿ ಎತ್ತಿ ಒಗೀಲಿಕ್ಕ ಹತ್ತಿತು. ಹೊಸ ಬೀಗರದೂ ದೊಡ್ಡ ಮೀಸಿನೇ. ಮಂಟಪಕ್ಕ ಮಂಟಪನೇ ನಕ್ಕಿತು.

"ಯಾರ್ರೀ ಈಕಿ, ನನ್ನ ಮೀಸಿ ಯಾವಾಗ ನೋಡ್ಯಾಳ?" ಅಂದ್ರು ಬೀಗರು.

"ನಮ್ಮಜ್ಜಿ ರೀ!" ಗೌರಿ ಎದ್ದು ನಿಂತು ಒದರಿದ್ಳು. ನಾ ಅತ್ತೇಬಿಟ್ಟೆ.

ಕ್ಯಾಸೆಟ್ ಮುಗೀತು. ಅತ್ತಿ ಪಂಕ್ತಿ ಕಡಿ ಕಣ್ಣು ಹಾಯಿಸಿದ್ಳು. ಅದೇ ಹಳೇ ನೋಟ. ಗೌರಿಯ ಕಿವ್ಯಾಗ ಏನೋ ಪಿಸುಗುಟ್ಟಿದ್ಳು. ಗೌರಿ ಮೈಕ್ ಹಿಡದು ಎತ್ತರದ ದನಿಯಾಗ ಹಾಡಿದ್ಳು:

"ಭಾಷಣದ ಅಳಿಯಗ ಹೋಳಗಿ ಯಾತಕ,
ಒಣರೊಟ್ಟಿ ನೀಡ್ರಿ ಅವನ ತಾಟಕ!"

ಬಡಸಾವ್ರು ಖರೇನೇ ಒಣರೊಟ್ಟಿ ತಂದು ಹಾಕಿದ್ರು. ಪೆನ್ಸಿಲ್ ಕಿಸೆದಾಗ ಇಟ್ಟು, ಒಂದು ಚೂರೂ ಬಿಡ್ದಂಗ ತಿಂದೀನ್ರಿ. ಅಷ್ಟು ರುಚಿ ಊಟ ನಾ ಯಾವ ಮದುವಿಯಾಗೂ ಉಂಡಿಲ್ಲ.