ಎದುರುಮನೆ ಅಕ್ಕ ಮುಚ್ಚಿಸಿದ ಮೆಟ್ಟಿಲು

ಮೊನ್ನೆ ಮೊಮ್ಮಗಳು ಅಡುಗೆಮನೆಯ ನಳಕ್ಕೆ ಹಳೆ ಸೀರೆಯ ತುಂಡನ್ನು ಎರಡು ಪದರ ಮಡಚಿ ಕಟ್ಟಿದ್ದಳು, ಮಳೆಗಾಲದ ಕೆಂಪು ನೀರು ಸೋಸಲೆಂದು. ಆ ಒದ್ದೆ ಅರಿವೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ಎದುರುಮನೆ ಅಕ್ಕ ನೆನಪಾದಳು...

ಮಹಾಯುದ್ಧ ನಡೆದಿದ್ದ ಕಾಲ. ಹಿರೇಕೆರೂರ ಸೀಮೆಯ ಹಳ್ಳಿಯೊಂದಕ್ಕೆ ನಾನು ಸೊಸೆಯಾಗಿ ಬಂದಿದ್ದೆ. ನಮ್ಮ ಓಣಿಗೆಲ್ಲ ಒಂದೇ ಮೆಟ್ಟಿಲಬಾವಿ, ಮೊಣಕಾಲುದ್ದ ನೀರಿಗಿಳಿದೇ ಕೊಡ ತುಂಬಬೇಕು. ಬೇಸಿಗೆ ಬಂತೆಂದರೆ ಮನೆಮನೆಯಲ್ಲೂ ನಾರುಹುಣ್ಣು. ಕಾಲಲ್ಲಿ ಬೊಬ್ಬೆ ಎದ್ದು ಒಡೆದು, ಒಳಗಿನಿಂದ ಬಿಳಿ ದಾರದಂಥ ಹುಳ ಇಣುಕುತ್ತಿತ್ತು. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಬೆರಳಗಲ ಎಳೆಯುತ್ತ ವಾರಗಟ್ಟಲೆ ಮಲಗಬೇಕು. ಹಣೆಬರಹ ಎಂದು ಎಲ್ಲರೂ ಒಪ್ಪಿಕೊಂಡಿದ್ದರು, ನಾನೂ ಒಪ್ಪಿಕೊಂಡಿದ್ದೆ.

ಒಪ್ಪದವಳು ಅಕ್ಕ ಒಬ್ಬಳೇ. ಆ ಹುಣ್ಣಿನ ನಂಜಿಗೇ ಗಂಡನನ್ನು ಕಳೆದುಕೊಂಡವಳು. ಅವನನ್ನು ಸವಣೂರಿನ ದವಾಖಾನೆಗೆ ಒಯ್ದಾಗ ಡಾಕ್ಟರರು ಹೇಳಿದ್ದನ್ನು ಗಟ್ಟಿಯಾಗಿ ಹಿಡಿದುಕೊಂಡು ಬಂದಿದ್ದಳು. ಹುಣ್ಣಿನ ಕಾಲು ನೀರಿಗಿಳಿದರೆ ಹುಳದ ಮರಿಗಳು ನೀರು ಸೇರುತ್ತವೆ, ಕುಡಿದವರ ಮೈಯಲ್ಲಿ ಒಂದು ವರ್ಷ ಬೆಳೆದು ಹೊರಬೀಳುತ್ತವೆ. ನೀರಿಗೆ ಕಾಲಿಡಬಾರದು, ಕೊಡದ ಬಾಯಿಗೆ ಅರಿವೆ ಕಟ್ಟಿ ಸೋಸಿಯೇ ಕುಡಿಯಬೇಕು. ಇಷ್ಟನ್ನೇ ಎರಡು ಚಳಿಗಾಲ ಮನೆಮನೆ ಅಲೆದು ಹೇಳಿದಳು.

“ಊರ ಉಸಾಬರಿ ಮಾಡಿ ಮುಲ್ಲಾ ಸೊರಗಿದನಂತ,” ಎಂದು ನನ್ನತ್ತೆ ನಗುತ್ತಿದ್ದಳು.

ಅಕ್ಕ ನನಗೆ ಹೇಳುತ್ತಿದ್ದಳು, “ಮಂದಿ ಕೆಟ್ಟವರಲ್ಲ ತಂಗಿ. ತಿಳೀಲಾರದ ಮಾಡ್ತಾರ. ತಿಳಿದ್ರ ಬಿಡ್ತಾರ.”

ಕಡೆಗೂ ಗಂಡಸರು ಮೆಟ್ಟಿಲಿಗೆ ಅಡ್ಡ ಕಲ್ಲು ಪೇರಿಸಿ, ಮೇಲೆ ಗಡಗಡಿ ಕೂಡಿಸಿ ಹಗ್ಗ ಇಳಿಬಿಟ್ಟರು. ಅಂದು ಅಕ್ಕ ಓಣಿಗೆಲ್ಲ ಬೆಲ್ಲ ಹಂಚಿದಳು.

ಆದರೆ ಆ ಬೇಸಿಗೆಯಲ್ಲೂ ಹುಣ್ಣು ಎದ್ದವು. ಜನ ಗುಜುಗುಜು ಮಾತಾಡತೊಡಗಿದರು. ಬಾವಿಕಟ್ಟೆಗೆ ಅಕ್ಕ ಬಂದರೆ ಮಾತು ನಿಲ್ಲುತ್ತಿತ್ತು. “ಇದು ಹೋದ ವರ್ಷದ ನೀರಿಂದು. ಒಂದು ವರ್ಷ ಯಾರೂ ನೀರಾಗ ಕಾಲಿಡಬ್ಯಾಡ್ರಿ, ಆಮ್ಯಾಲೆ ನೋಡ್ರಿ,” ಎಂದು ಅವಳು ಕೈಮುಗಿದಳು.

ಅಷ್ಟರಲ್ಲಿ ನಾನು ಹಡೆದೆ. ತವರಿನಲ್ಲಿ ಅವ್ವ ಇರಲಿಲ್ಲ, ಬಾಣಂತನ ಮಾಡಿದವಳು ಅಕ್ಕನೇ. ಅದು ಮುಗಿದ ಮೇಲೆ ಬಾವಿಗಿಳಿದು, ಗಂಗವ್ವನಿಗೆ ಅರಿಷಿಣ ಕುಂಕುಮ ಏರಿಸಿ, ಮೊದಲ ಕೊಡ ತುಂಬಿ ತರುವುದು ಪದ್ಧತಿ. ಮೇಲಿಂದ ಹಗ್ಗದಲ್ಲಿ ಸೇದಿದ ನೀರಿಗೆ ಪೂಜೆ ಹೇಗೆ? ಅತ್ತೆ ಹಟ ಹಿಡಿದಳು, “ಗಂಗವ್ವನ ಮುಟ್ಟಲಾರದ ತಂದ ನೀರು ನಮ್ಮ ಮನಿಗೆ ಬ್ಯಾಡ.”

ಅಕ್ಕ ನನ್ನ ಕೈ ಹಿಡಿದುಕೊಂಡಳು. “ನೀ ಒಬ್ಬಾಕಿ ಒಲ್ಲೆ ಅನ್ನು ತಂಗಿ. ಬಾಣಂತೀನ ಒಲ್ಲೆ ಅಂದ್ರ ಕಲ್ಲ ಯಾರು ಕೀಳ್ತಾರ?”

ನಾನು ಕೂಸಿನ ಮುಖ ನೋಡುತ್ತ ಕುಳಿತೆ. ಅತ್ತೆಯ ಅಂಜಿಕೆ, ಗಂಗವ್ವ ಮುನಿದು ಕೂಸಿಗೆ ಏನಾದರೂ ಆದರೆಂಬ ಅಂಜಿಕೆ... ಅಕ್ಕನ ಹಿಡಿತದಿಂದ ಕೈ ಬಿಡಿಸಿಕೊಂಡೆ.

ಹಾರೆ ಬಂದವು. ಕಲ್ಲು ಉರುಳಿದವು. ಮೆಟ್ಟಿಲಿಳಿಯುವಾಗ ನನ್ನ ಮುಂದೆ ಅತ್ತೆ ಇದ್ದಳು. ಅವಳ ಹಿಮ್ಮಡಿಯಲ್ಲಿ ನಾರು ಎದ್ದು ಹದಿನೈದು ದಿನವಾಗಿತ್ತು. ಅವಳು ಕಾಲಿಟ್ಟೊಡನೆ ಪಟ್ಟಿಯ ಅರಿವೆ ಬಿಚ್ಚಿ ನೀರಿನ ಮೇಲೆ ತೇಲಿತು. ನಾನು ಅದನ್ನು ನೋಡಿದೆ. ನೋಡಿಯೂ ಅವಳ ಪಕ್ಕ ನಿಂತು ಕುಂಕುಮ ಏರಿಸಿದೆ.

ಆ ಕಲ್ಲುಗಳನ್ನು ಯಾರೂ ತಿರುಗಿ ಪೇರಿಸಲಿಲ್ಲ. ಮತ್ತೆ ಎಲ್ಲರೂ ಇಳಿದರು. ಎಂಟು ದಿನ ಬಾಗಿಲು ಹಾಕಿಕೊಂಡಿದ್ದ ಅಕ್ಕ ಒಂದು ಬೆಳಿಗ್ಗೆ ತಾನೂ ಇಳಿದು ಕೊಡ ತುಂಬಿದಳು. ಸೋಸುವ ಅರಿವೆಯಿಲ್ಲದೆ ನೀರು ಕುಡಿಯದವಳ ಕೊಡದ ಬಾಯಿ ಬರಿದಾಗಿತ್ತು.

“ಯಾಕ ಅಕ್ಕ, ಅರಿವಿ ಕಟ್ಟಿಲ್ಲ?” ಎಂದೆ.

“ನಿನಗ ತಿಳಿದಿತ್ತಲ್ಲ ತಂಗಿ,” ಎಂದಷ್ಟೇ ಅಂದು ಹೋದಳು.

ಮರುವರ್ಷ ಅವಳ ಮೊಣಕಾಲಲ್ಲಿ ನಾರು ಎದ್ದಿತು. ನಂಜೇರಿ, ಮುಂಗಾರಿಗೆ ಮೊದಲೇ ತೀರಿಕೊಂಡಳು.

ಈಗ ನಾರುಹುಣ್ಣು ಎಂದರೆ ಮೊಮ್ಮಗಳಿಗೆ ಗೊತ್ತೇ ಇಲ್ಲ. ಆ ಬಾವಿ ಮುಚ್ಚಿ ಎಷ್ಟೋ ವರ್ಷಗಳಾದವು. ಜನ ತಿಳಿದರು, ಬಿಟ್ಟರು. ಅಕ್ಕನ ಮಾತೇ ನಿಜವಾಯಿತು. ಅದನ್ನು ಹೇಳೋಣವೆಂದರೆ ಅವಳಿಲ್ಲ... ಇದ್ದಿದ್ದರೂ, ಅವಳೆದುರು ನಿಂತು ಹೇಳುವ ಮುಖ ನನಗಿಲ್ಲ.