ಊರಿಗೆ ಸೀಟು ಹಿಡಿದಿದ್ದ ಗ್ಯಾನಪ್ಪ

ಶನಿವಾರ. ಇನ್ನೂ ಬೆಳಕು ಹರಿದಿಲ್ಲ. ಹನುಮನಹಳ್ಳಿಯಲ್ಲಿ ಅಂಜನಾದ್ರಿ ಬೆಟ್ಟದ ಬುಡದ ಬಯಲಿಗೆ ವಿಜಯಪುರದ ಕಡೆಯ ಕ್ರೂಸರ್ ಗಾಡಿಯೊಂದು ಬಂದು ನಿಲ್ಲುತ್ತದೆ. ತಲೆಗೆ ಮಫ್ಲರ್ ಸುತ್ತಿಕೊಂಡ ತೆಳ್ಳನೆಯ ಮನುಷ್ಯರೊಬ್ಬರು ಗಾಡಿಯ ಹತ್ತಿರ ಬರುತ್ತಾರೆ. ಪಾರ್ಕಿಂಗ್ ಚೀಟಿ ಕೈಯಲ್ಲಿದ್ದರೂ ಡ್ರೈವರನ ಕಿಟಕಿಗೆ ಹೋಗುವುದಿಲ್ಲ. ಹಿಂದಿನ ಬಾಗಿಲಿಗೆ ಹೋಗಿ ಒಳಗೆ ಇಣುಕುತ್ತಾರೆ.

"ಮುದುಕ್ರು ಯಾರರ ಅದಾರೇನ್ರಿ?"

ಒಳಗಿನಿಂದ ಅಜ್ಜಿಯೊಬ್ಬರು ಕೆಮ್ಮುತ್ತಾರೆ. ಅಷ್ಟು ಸಾಕು. ಗಾಡಿಯನ್ನು ಮೆಟ್ಟಿಲ ಹತ್ತಿರದ ಸಾಲಿಗೆ ಕಳಿಸುತ್ತಾರೆ. ಅದರ ಬೆನ್ನಿಗೇ ಬಂದ ಕಾಲೇಜು ಹುಡುಗರ ಕಾರಿಗೆ ಬಯಲಿನ ಆ ತುದಿ. ಹುಡುಗರು ಗೊಣಗುತ್ತಾರೆ. "ನಡೀರಿ ನಡೀರಿ, ಗುಡ್ಡಾ ಹತ್ತಾಕ ಬಂದೀರಿ, ಬಯಲು ದಾಟಾಕ ಆಗೂದಿಲ್ಲೇನು" ಎಂದು ಮಫ್ಲರಿನವರು ಸೀಟಿ ಊದುತ್ತಾರೆ.

ಇವರು ಗ್ಯಾನಪ್ಪ. ಅರವತ್ತರ ಆಸುಪಾಸು. ಶನಿವಾರ, ಅಮಾವಾಸ್ಯೆ ಎಂದರೆ ಈ ಬಯಲು ತುಂಬಿ ರಸ್ತೆಯವರೆಗೂ ಗಾಡಿಗಳು ನಿಲ್ಲುತ್ತವೆ. ಆದರೂ ಯಾವ ಗಾಡಿಯೂ ಇನ್ನೊಂದಕ್ಕೆ ಅಡ್ಡವಾಗದ ಹಾಗೆ ಅವರು ನೋಡಿಕೊಳ್ಳುತ್ತಾರೆ. ಹೊರಗಿನಿಂದ ಬಂದವರಿಗೆ ಇವರು ಬರೀ ಪಾರ್ಕಿಂಗ್ ಚೀಟಿಯವರು. ಕಳೆದ ಫೆಬ್ರುವರಿಯಲ್ಲಿ ಹಿಂದೂ ಮಹಾಸಾಗರದ ಸುತ್ತಲಿನ ದೇಶಗಳ ಕ್ರೀಡಾಕೂಟ ನಮ್ಮ ಜಿಲ್ಲೆಯಲ್ಲಿ ನಡೆದಾಗ, ಬಂಡೆ ಹತ್ತುವ ಸ್ಪರ್ಧೆಯ ಜಾಗದಲ್ಲಿ ಯಾರು ಎಲ್ಲಿ ಕೂರಬೇಕು, ಯಾವ ದಾರಿಯಲ್ಲಿ ಬಂದು ಯಾವ ದಾರಿಯಲ್ಲಿ ಹೋಗಬೇಕು ಎಂದು ನೆಲದ ಮೇಲೆ ಸುಣ್ಣದಲ್ಲಿ ಗೆರೆ ಎಳೆದವರು ಇವರೇ. ಕೂಟದ ದೊಡ್ಡ ಸ್ಮರಣ ಸಂಚಿಕೆಯಲ್ಲಿ ಇವರ ಹೆಸರಿಲ್ಲ. ಅದರ ಬಗ್ಗೆ ಅವರಿಗೆ ಬೇಸರವೂ ಇಲ್ಲ. ಇರುವ ಬೇಸರ ಬೇರೆಯದು.

ಗ್ಯಾನಪ್ಪ ಹುಟ್ಟಿದ್ದು ಇದೇ ಹನುಮನಹಳ್ಳಿಯಲ್ಲಿ. ಮೀಸೆ ಮೂಡುವ ಮುಂಚೆ ಗಂಗಾವತಿಯ ಟಾಕೀಸೊಂದಕ್ಕೆ ಕೆಲಸಕ್ಕೆ ಸೇರಿದರು. ಬ್ಯಾಟರಿ ಹಿಡಿದು ಸೀಟು ತೋರಿಸುವುದರಿಂದ ಶುರುವಾಗಿ ಗೇಟಿಗೆ ಬಂದರು. ಒಮ್ಮೆ ಹೊಸ ಚಿತ್ರದ ಮೊದಲ ಆಟಕ್ಕೆ ಜನ ನುಗ್ಗಿ ಕಬ್ಬಿಣದ ಗೇಟು ಕಿತ್ತು ಬಿತ್ತು. ಅದರಡಿ ಸಿಕ್ಕ ಹೆಣ್ಣುಮಗಳೊಬ್ಬಳ ಕಾಲು ಮುರಿಯಿತು. ಆಕೆಯನ್ನು ಎತ್ತಿಕೊಂಡು ದವಾಖಾನೆಗೆ ಓಡಿದವರು ಗ್ಯಾನಪ್ಪ.

"ಮಂದಿ ಕೆಟ್ಟದ್ದಿರೂದಿಲ್ರಿ. ಹಿಂದಿನವ್ರಿಗೆ ಮುಂದ ಏನಾಗೇತಿ ಕಾಣೂದಿಲ್ಲ, ಅದಕ್ಕ ನೂಕ್ತಾರ. ಅವತ್ತಿಂದ ನಾ ಬರೂ ದಾರಿ ಬ್ಯಾರೆ, ಹೋಗೂ ದಾರಿ ಬ್ಯಾರೆ ಮಾಡಾಕ ಹತ್ತಿದೆ" ಎನ್ನುತ್ತಾರೆ.

ಟಾಕೀಸು ಮುಚ್ಚಿ ಕಲ್ಯಾಣ ಮಂಟಪವಾಯಿತು. ಒಂದಷ್ಟು ದಿನ ಅಲ್ಲೇ ಕುರ್ಚಿ ಜೋಡಿಸಿದ ಗ್ಯಾನಪ್ಪ ಕೊನೆಗೆ ಹೆಂಡತಿ ರೇಣುಕಮ್ಮನೊಂದಿಗೆ ಊರಿಗೆ ಮರಳಿದರು. ಬೆಟ್ಟಕ್ಕೆ ಬರುವ ಗಾಡಿಗಳನ್ನು ನೋಡಿಕೊಳ್ಳುವ ಕೆಲಸ ಆಗ ಸಿಕ್ಕಿದ್ದು.

ಕ್ರೀಡಾಕೂಟದ ಸುದ್ದಿ ಬಂದಾಗ ಜಿಲ್ಲೆಗೆ ಜಿಲ್ಲೆಯೇ ಸಡಗರದಲ್ಲಿತ್ತು. ಕುಸ್ತಿ ಕೊಪ್ಪಳದಲ್ಲಿ, ಬಿಲ್ಲುಗಾರಿಕೆ ಕುಷ್ಟಗಿಯಲ್ಲಿ, ಬಂಡೆ ಹತ್ತುವುದು ಆನೆಗೊಂದಿ ಕಡೆಯ ಗುಡ್ಡಗಳಲ್ಲಿ ಎಂದು ಗೊತ್ತಾಯಿತು. ಜಾಗ ಸಿದ್ಧಪಡಿಸುವ, ಟಿಕೆಟ್ ಮಾರುವ ಗುತ್ತಿಗೆ ಹಿಡಿದ ಕಂಪನಿಯ ಕಡೆಯಿಂದ ಸಿದ್ದಲಿಂಗೇಶ ಎಂಬ ಯುವಕ ಬಂದ. ಶನಿವಾರದ ಗದ್ದಲದಲ್ಲಿ ಗ್ಯಾನಪ್ಪ ಗಾಡಿ ನಿಲ್ಲಿಸುವುದನ್ನು ಒಂದು ತಾಸು ನಿಂತು ನೋಡಿ, "ನಮ್ಮ ಜೋಡಿ ಬರ್ತೀರೇನ್ರಿ?" ಎಂದು ಕೇಳಿದ.

ಆರಿಸಿದ ಬಂಡೆ ಊರ ಅಂಚಿನಲ್ಲಿತ್ತು. ಅದರ ಮುಂದೆ ಜನ ಕೂರಲು ಹೇಳಿ ಮಾಡಿಸಿದಂಥ ಇಳಿಜಾರು. ತೊಡಕು ಒಂದೇ, ಅಲ್ಲಿಗೆ ಹೋಗಲು ಅಮರಮ್ಮನ ಬಾಳೆ ತೋಟ ದಾಟಬೇಕು. ಅಮರಮ್ಮ ಗಂಡನಿಲ್ಲದ ಹೆಣ್ಣುಮಗಳು. ತೋಟದ ಬಾಳೆ ಮಾರುತ್ತಾಳೆ, ಬಾಳೆ ನಾರಿನಿಂದ ಬುಟ್ಟಿ ಹೆಣೆಯುತ್ತಾಳೆ. ಗೊನೆ ಬಿಡುವ ಹೊತ್ತಿಗೆ ಗಿಡದ ಸಾಲು ಕಡಿದು ದಾರಿ ಬಿಡಿ ಎಂದರೆ ಯಾರು ಒಪ್ಪುತ್ತಾರೆ? ಕಂಪನಿಯವರು ಕೇಳಿದಾಗ ಆಕೆ ಒಪ್ಪಲಿಲ್ಲ. ಗ್ಯಾನಪ್ಪ ಹೋಗಿ ಕೇಳಿದಾಗ ಒಪ್ಪಿದಳು.

ಅದಕ್ಕೆ ಕಾರಣವಿತ್ತು. ಅಮರಮ್ಮನ ಅಕ್ಕನ ಮಗಳು ಶಿವಲೀಲಾ ಆ ಕೂಟದಲ್ಲಿ ನಮ್ಮ ದೇಶದ ಪರವಾಗಿ ಬಂಡೆ ಹತ್ತುವವಳಿದ್ದಳು. ಗುಡ್ಡ ಹತ್ತಲು ಬರುತ್ತಿದ್ದ ವಿದೇಶಿಯರು, ಬಿದ್ದರೆ ಪೆಟ್ಟಾಗದಂತೆ ಬಂಡೆಯಡಿ ಹಾಸುವ ದಪ್ಪ ಚಾಪೆಗಳನ್ನು ಹೊರುತ್ತ ಹೊರುತ್ತ ತಾನೂ ಕಲಿತ ಹುಡುಗಿ. ಬೆಳೆದದ್ದು ಹೆಚ್ಚಾಗಿ ಚಿಕ್ಕಮ್ಮನ ಮನೆಯಲ್ಲೇ. ತೋಟದ ಹಿಂದಿನ ಬಂಡೆಯ ಮೇಲೆ ದಿನಾ ಬೆಳಿಗ್ಗೆ ಬೆರಳು ಸುಲಿಯುವ ತನಕ ಜೋತಾಡುತ್ತಿದ್ದಳು. ಮನೆಗೆ ಬಂದರೆ ಅಮರಮ್ಮ ಆ ಬೆರಳುಗಳಿಗೆ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದಳು.

"ಬೆಳಿ ಪರಿಹಾರ ಅವ್ರು ಕೊಟ್ರು, ಅದರ ಮಾತಿಲ್ಲ. ನಾ ಕೇಳಿದ್ದು ಒಂದ. ನಮ್ಮೂರ ಹೆಣ್ಮಕ್ಕಳು ಕುಂತು ನೋಡಾಕ ಒಂದೀಟು ನೆಳ್ಳಾಗ ಜಾಗ ಕೊಡ್ರಿ ಅಂದೆ" ಎಂದು ಅಮರಮ್ಮ ನೆನೆಯುತ್ತಾಳೆ.

ಗ್ಯಾನಪ್ಪ ಮಾತು ಕೊಟ್ಟರು. ಪಡುವಣ ಬದಿಯಲ್ಲಿ ದೊಡ್ಡ ಗುಂಡುಕಲ್ಲಿನ ನೆರಳು ಬೀಳುವ ಕಡೆ ಸುಣ್ಣದಿಂದ ಗೆರೆ ಎಳೆದು, "ಇದು ಊರಿಂದು" ಎಂದು ಸಿದ್ದಲಿಂಗೇಶನಿಗೆ ತೋರಿಸಿದರು. ಆತ "ಆಗ್ಲಿ ಬಿಡ್ರಿ, ಮಾಡೋಣಂತ" ಎಂದ. ಬಾಳೆಯ ಸಾಲು ಬಿತ್ತು, ದಾರಿ ಆಯಿತು. ಟಿಕೆಟ್ಟುಗಳು ಮೊಬೈಲಿನಲ್ಲಿ ಮಾತ್ರ ಮಾರಾಟಕ್ಕೆ ಬಂದು ಒಂದೇ ಬೆಳಿಗ್ಗೆ ಖಾಲಿಯಾದವು. ಊರಿನವರು ಯಾರೂ ಕೊಳ್ಳಲು ಹೋಗಲಿಲ್ಲ. ಅವರಿಗೆ ಗ್ಯಾನಪ್ಪನ ಮಾತಿತ್ತು.

ಸ್ಪರ್ಧೆಯ ಹಿಂದಿನ ಸಂಜೆ ಕುರ್ಚಿಗಳ ಲಾರಿ ಬಂತು. ಬಿಳಿ ಬಟ್ಟೆ ಹೊದಿಸಿದ ಕುರ್ಚಿಗಳನ್ನು ಪಡುವಣ ಬದಿಯಲ್ಲಿ ಇಳಿಸುತ್ತಿರುವುದನ್ನು ಕಂಡು ಗ್ಯಾನಪ್ಪ ಸಿದ್ದಲಿಂಗೇಶನ ಹತ್ತಿರ ಓಡಿಹೋದರು.

"ಇದು ಊರಿನವರ ಜಾಗ ಅಲ್ಲೇನ್ರಿ ಸಾಹೇಬ್ರ?"

"ಅತಿಥಿಗಳಿಗೆ ಮಾಡ್ಯಾರ್ರಿ. ಮ್ಯಾಲಿಂದ ಬಂದೈತಿ."

"ನಾ ಮಾತು ಕೊಟ್ಟೀನ್ರಿ."

"ನಾನೂ ನಿಮಗ ಕೊಟ್ಟಿದ್ದೆ. ಏನ್ ಮಾಡ್ಲಿ ಹೇಳ್ರಿ? ನಾಳೆ ನೋಡೋಣ. ಜಾಗ ಉಳದ್ರ ಬಿಡೋಣು."

ಆ ಸಂಜೆ ಗ್ಯಾನಪ್ಪ ಊರಿನವರಿಗೆ ವಿಷಯ ಹೇಳಲಿಲ್ಲ. ಮನೆಗೆ ಹೋಗಿ ಊಟಕ್ಕೆ ಕೂತರು, ಅರ್ಧಕ್ಕೇ ಎದ್ದು ಕೈ ತೊಳೆದರು. "ಏನಾತು ಅಂತ ಕೇಳಿದೆ. ಏನಿಲ್ಲ, ದಣಿವು ಅಂದ್ರು. ಜಾಗ ಉಳೀತೈತಿ ಅಂತ ನಂಬಿದ್ರೋ ಏನೋ" ಎನ್ನುತ್ತಾರೆ ರೇಣುಕಮ್ಮ.

ಮಾರನೆಯ ದಿನ ಊರು ಬಂತು. ಹೆಂಗಸರು ಮದುವೆಗೆ ಉಡುವ ಸೀರೆ ಉಟ್ಟಿದ್ದರು. ಅಮರಮ್ಮ ಬುತ್ತಿ ಕಟ್ಟಿಕೊಂಡು ಎಲ್ಲರಿಗಿಂತ ಮುಂದೆ ಇದ್ದಳು. ಗೇಟು ಹಾಕಿದ್ದು ಆಕೆಯ ತೋಟದ ಒಳಗೇ, ಕಡಿದ ಬಾಳೆಯ ಬುಡಗಳ ನಡುವೆ. ಗೇಟಿನಲ್ಲಿ ಕೊರಳಿಗೆ ಬಿಲ್ಲೆ ಹಾಕಿಕೊಂಡು ಗ್ಯಾನಪ್ಪ ನಿಂತಿದ್ದರು. ಅವರ ಹಿಂದೆ ಪೊಲೀಸರಿದ್ದರು.

"ಪಾಸ್ ಇದ್ದವ್ರಿಗಷ್ಟ ಅಂತ, ತಂಗೆವ್ವ."

ಅಮರಮ್ಮ ಮೊದಲು ನಕ್ಕಳಂತೆ, ತಮಾಷೆ ಎಂದುಕೊಂಡು. ಗ್ಯಾನಪ್ಪ ತಲೆ ಎತ್ತದಿದ್ದಾಗ ನಗು ನಿಂತಿತು.

"ನನ್ನ ತ್ವಾಟದಾಗ ನಿಂತು ನನಗ ಪಾಸ್ ಕೇಳ್ತಿ ಅಲ್ಲೋ ಅಣ್ಣಾ."

ಗ್ಯಾನಪ್ಪ ಸಿದ್ದಲಿಂಗೇಶನಿಗೆ ಫೋನು ಮಾಡಿದರು, ಆತ ಎತ್ತಲಿಲ್ಲ. ಶಿವಲೀಲಾಳ ತಂದೆ ತಾಯಿಗೆ ಮನೆಯವರ ಪಾಸು ಬಂದಿತ್ತು, ಅವರು ಒಳಗೆ ಹೋದರು. ಉಳಿದವರು ಬೇಲಿಯ ಹೊರಗೆ ಬಿಸಿಲಲ್ಲಿ ಕೂತರು. ಅಲ್ಲಿಂದ ಬಂಡೆ ಕಾಣುವುದಿಲ್ಲ. ಮೈಕು ಮಾತ್ರ ಕೇಳುತ್ತದೆ.

ಮೈಕಿನಲ್ಲಿ ಶಿವಲೀಲಾಳ ಹೆಸರು ಕೂಗಿದಾಗ ಹೆಂಗಸರೆಲ್ಲ ಎದ್ದು ನಿಂತರು. ಒಳಗಿನ ಗದ್ದಲ ಏರುತ್ತ ಹೋಯಿತು. ಒಮ್ಮೆಲೇ ಎಲ್ಲರೂ "ಓ" ಎಂದು ಉಸಿರು ಬಿಟ್ಟ ಸದ್ದು ಬಂತು. ಆಮೇಲೆ ಚಪ್ಪಾಳೆ. ಹುಡುಗಿ ತುದಿ ಮುಟ್ಟಿದಳೋ ಬಿದ್ದಳೋ ಹೊರಗಿನವರಿಗೆ ತಿಳಿಯಲಿಲ್ಲ. ಅಮರಮ್ಮ ಗೇಟಿನ ಹತ್ತಿರ ಬಂದು, "ಏನಾತಣ್ಣಾ?" ಎಂದು ಕೇಳಿದಳು. ಗೇಟಿನಲ್ಲಿ ನಿಂತ ಗ್ಯಾನಪ್ಪನಿಗೂ ಬಂಡೆ ಕಾಣುತ್ತಿರಲಿಲ್ಲ. ಆಮೇಲೆ ಯಾರದೋ ಡ್ರೈವರ್ ಮೊಬೈಲಿನಲ್ಲಿ ನೋಡಿ ಹೇಳಿದ. ಇನ್ನೊಂದೇ ಹಿಡಿತ ಬಾಕಿ ಇರುವಾಗ ಕೈ ಜಾರಿತ್ತು.

ನೆರಳಿನ ಆ ಬಿಳಿ ಕುರ್ಚಿಗಳು? ಅವು ಸಂಜೆಯವರೆಗೂ ಖಾಲಿ ಇದ್ದವು. ಅತಿಥಿಗಳು ಕೊಪ್ಪಳದ ಕುಸ್ತಿ ನೋಡಿ, ಅಲ್ಲೇ ಊಟ ಮುಗಿಸಿ ಹೋಗಿದ್ದರು. ಜಾಗ ಉಳಿದರೆ ಬಿಡೋಣ ಎಂದಿದ್ದ ಮಾತನ್ನು ನೆನಪಿಸಲು ಗ್ಯಾನಪ್ಪ ಇನ್ನೆರಡು ಸಲ ಫೋನು ಮಾಡಿದರು. ತಾವೇ ಗೇಟು ತೆಗೆಯುವ ಧೈರ್ಯ ಮಾಡಲಿಲ್ಲ.

"ಯಾಕ ತಗೀಲಿಲ್ಲ ಅಂತ ನೀವೂ ಕೇಳ್ತೀರಿ. ಎಲ್ಲಾರೂ ಕೇಳ್ತಾರ. ಪೊಲೀಸ್ರಿದ್ರು ಅಂತೀನಿ. ಖರೇ ಅಂದ್ರ, ಇಷ್ಟು ವರ್ಷ ಗೇಟ್ ಕಾಯ್ದ ಕೈರಿ ಇದು. ಮ್ಯಾಲಿನವ್ರು ಹೇಳಲಾರದ ತಗದು ಗೊತ್ತಿಲ್ಲ" ಎನ್ನುತ್ತಾರೆ, ಕೈಯನ್ನು ಬೇರೆ ಯಾರದೋ ಎಂಬಂತೆ ನೋಡಿಕೊಳ್ಳುತ್ತ.

ಕಥೆ ಅಲ್ಲಿಗೆ ಮುಗಿದಿದ್ದರೆ ಊರು ಇಷ್ಟೊತ್ತಿಗೆ ಮರೆಯುತ್ತಿತ್ತೋ ಏನೋ. ಆ ಸಂಜೆ ಟಿ.ವಿ.ಯಲ್ಲಿ ಬಿಳಿ ಕುರ್ಚಿಗಳ ಖಾಲಿ ಸಾಲು ಎದ್ದು ಕಂಡಿತು. ಯಾರೋ ದೊಡ್ಡವರು ಯಾರಿಗೋ ಬೈದರು. ಮರುದಿನ ಗಂಡಸರ ಸ್ಪರ್ಧೆ. ಬೆಳಿಗ್ಗೆ ಸಿದ್ದಲಿಂಗೇಶ ಗ್ಯಾನಪ್ಪನ ಮನೆ ಬಾಗಿಲಿಗೇ ಬಂದ.

"ಊರಿನವ್ರನ್ನ ಕರ್ಕೊಂಡು ಬರ್ರಿ. ಟ್ರ್ಯಾಕ್ಟರ್ ಕಳಸ್ತೀನಿ. ಟೋಪಿ, ನಾಷ್ಟಾ ಎಲ್ಲಾ ಕೊಡ್ತೀವಿ."

ಬಂಡೆಯಿಂದ ಕೂಗಿದರೆ ಕೇಳುವಷ್ಟು ಹತ್ತಿರದ ಊರಿಗೆ ಟ್ರ್ಯಾಕ್ಟರ್. ಗ್ಯಾನಪ್ಪ ಅದನ್ನು ಹತ್ತದೆ ಅಮರಮ್ಮನ ಮನೆಗೆ ನಡೆದೇ ಹೋದರು. ಅಮರಮ್ಮ ಜಗುಲಿಯ ಮೇಲೆ ಬಾಳೆಯ ಪಟ್ಟೆ ಸೀಳಿ ನಾರು ತೆಗೆಯುತ್ತಿದ್ದಳು. ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡಳು.

"ನಿನ್ನೆ ನಾವು ಹೆಚ್ಚಾಗಿದ್ವಿ. ಇವತ್ತು ಕಡಿಮಿ ಬಿದ್ವೇನು?" ಎಂದಳು. "ನಮ್ಮ ಹುಡುಗಿ ಆಟ ಮುಗೀತು. ಈಗ ನಿಮ್ಮ ಕುರ್ಚಿಗೆ ಮಂದಿ ಬೇಕಾಗ್ಯಾರ. ಹೋಗಣ್ಣಾ, ಬ್ಯಾರೆ ಊರು ನೋಡು."

ಯಾರೂ ಬರಲಿಲ್ಲ. ಟೋಪಿಯ ಆಸೆಗೆ ಟ್ರ್ಯಾಕ್ಟರ್ ಏರಿದ್ದ ನಾಲ್ಕಾರು ಮಕ್ಕಳನ್ನು ತಾಯಂದಿರು ರಟ್ಟೆ ಹಿಡಿದು ಇಳಿಸಿಕೊಂಡರು. ಕೊನೆಗೆ ಹಾಸ್ಟೆಲೊಂದರ ವಿದ್ಯಾರ್ಥಿಗಳನ್ನು ಬಸ್ಸಿನಲ್ಲಿ ತಂದು ಕೂರಿಸಲಾಯಿತು. ಟಿ.ವಿ.ಯಲ್ಲಿ ಅವತ್ತು ಎಲ್ಲ ಚೆನ್ನಾಗಿ ಕಂಡಿತು. ಗ್ಯಾನಪ್ಪ ಕೊರಳ ಬಿಲ್ಲೆ ತೆಗೆದು ಸಿದ್ದಲಿಂಗೇಶನ ಕೈಗೆ ಕೊಟ್ಟು, "ಗೇಟಿಗೆ ಬ್ಯಾರೆ ಯಾರನ್ನರ ನಿಂದ್ರಸ್ರಿ" ಎಂದು ಮನೆಗೆ ಬಂದರು. ಆತ ತಡೆಯಲಿಲ್ಲ.

ಸಿದ್ದಲಿಂಗೇಶ ಈಗ ಬೇರೆ ರಾಜ್ಯದಲ್ಲಿ ಇನ್ನೊಂದು ಕೂಟದ ಕೆಲಸದಲ್ಲಿದ್ದಾನೆ. ಫೋನಿನಲ್ಲಿ ಸಿಕ್ಕ. "ಗ್ಯಾನಪ್ಪನವ್ರು ಭಾಳ ಛಲೋ ಮನುಷ್ಯಾರ್ರಿ. ಅವ್ರು ಹಾಕಿಕೊಟ್ಟ ದಾರಿಯಿಂದ ಒಂದು ನೂಕುನುಗ್ಗಲೂ ಆಗಲಿಲ್ಲ. ಇಂಥಾ ದೊಡ್ಡ ಕಾರ್ಯಕ್ರಮದಾಗ ಒಂದೆರಡು ಹಿಂಗ ಆಗ್ತಾವು" ಎಂದ. ಫೋನಿಡುವ ಮುಂಚೆ, "ಆ ಅಮ್ಮ ಹೆಂಗದಾರ?" ಎಂದು ಕೇಳಿದ. ಆತನಿಗೆ ಹೆಸರು ನೆನಪಿರಲಿಲ್ಲ.

ಆ ಅಮ್ಮ ಗ್ಯಾನಪ್ಪನ ಜೊತೆ ಅಂದಿನಿಂದ ಮಾತಾಡಿಲ್ಲ. ಊರೂ ಅಷ್ಟೇ, ಜಗಳವಿಲ್ಲ, ಮಾತೂ ಇಲ್ಲ. ಹೋದ ಶ್ರಾವಣದಲ್ಲಿ ಒಂದು ಸೀಮಂತದ ಊಟಕ್ಕೆ ಗ್ಯಾನಪ್ಪ ಹೋದಾಗ ಬಾಗಿಲಲ್ಲಿದ್ದ ಹುಡುಗನೊಬ್ಬ "ಕಾಕಾ, ಪಾಸ್ ಐತೇನು?" ಎಂದನಂತೆ. ಎಲ್ಲರೂ ನಕ್ಕರು. "ಇವ್ರೂ ನಕ್ಕ್ರು. ಮನಿಗೆ ಬಂದು ಎರಡು ದಿನ ಹೊರಗ ಹೋಗಲಿಲ್ಲ" ಎನ್ನುತ್ತಾರೆ ರೇಣುಕಮ್ಮ.

ಅಮರಮ್ಮನ ತೋಟಕ್ಕೂ ಹೋಗಿದ್ದೆ. ಗೇಟಿದ್ದ ಜಾಗದಲ್ಲಿ ಹೊಸ ಬಾಳೆಗಂದುಗಳು ಎದ್ದು ಎದೆಮಟ್ಟ ಬೆಳೆದಿವೆ. ಗ್ಯಾನಪ್ಪನ ಹೆಸರು ಎತ್ತಿದಾಗ ಆಕೆ ಸಿಟ್ಟಾಗಲಿಲ್ಲ.

"ಅವ ಕೆಟ್ಟವ ಅಲ್ರಿ. ಕೆಟ್ಟವ ಆಗಿದ್ರ ನಾ ಗಿಡಾ ಕಡೀತಿದ್ದಿಲ್ಲ. ಹಿಂದಿನ ದಿನ ಬಂದು ಹೇಳಿದ್ರ ಸಾಕಿತ್ತು. ನಸಿಕಿನ್ಯಾಗ ಎದ್ದು, ಪೊಲೀಸ್ರು ಬರೂದ್ರಾಗ, ಹಿಂದಿನ ಗುಡ್ಡಾ ಹತ್ತಿ ಕುಂತು ನೋಡ್ತಿದ್ವಿ. ನಮಗ ಗುಡ್ಡಾ ಏನ್ ಹೊಸದ್ರಿ? ಆ ಒಂದು ಮಾತು ಹೇಳಲಿಲ್ಲ ನೋಡ್ರಿ."

ಈ ಮಾತನ್ನು ಗ್ಯಾನಪ್ಪನಿಗೆ ಹೇಳಬೇಕೋ ಬೇಡವೋ ಎಂದು ಯೋಚಿಸಿ, ಹೇಳಿದೆ. ಅವರು ಚೀಟಿಯ ಪುಸ್ತಕದ ಅಂಚನ್ನು ಬೆರಳಿನಿಂದ ಸವರಿದರು. "ಹೌದ್ರಿ, ಹಿಂದಿನ ಗುಡ್ಡ" ಎಂದರು. "ಅದು ನನ್ನ ತಲಿಗೆ ಹೊಳೀಲೇ ಇಲ್ಲ."

ಬರುವ ಚಳಿಗಾಲದಲ್ಲಿ ಅದೇ ಬಂಡೆಯ ಮೇಲೆ ರಾಜ್ಯಮಟ್ಟದ ಸ್ಪರ್ಧೆಯಿದೆ. ಹೊಸ ಕಂಪನಿಯವರು ಗ್ಯಾನಪ್ಪನನ್ನು ಹುಡುಕಿಕೊಂಡು ಬಂದಿದ್ದರು. ಮೊದಲು ಊರಿನವರ ಪಾಸುಗಳನ್ನು ಅವರವರ ಮನೆಗೆ ಮುಟ್ಟಿಸಿ, ಆಮೇಲೆ ಗೆರೆ ಎಳೆಯುತ್ತೇನೆ ಎಂದರು ಇವರು. "ನೋಡೋಣು" ಎಂದು ಹೋದವರು ತಿರುಗಿ ಬಂದಿಲ್ಲ. ಬರುವುದೂ ಇಲ್ಲ ಎಂದು ಇವರಿಗೆ ಗೊತ್ತು.

ಶಿವಲೀಲಾ ಈಗಲೂ ದಿನಾ ಬೆಳಿಗ್ಗೆ ಚಿಕ್ಕಮ್ಮನ ತೋಟದ ಹಿಂದಿನ ಬಂಡೆಯ ಮೇಲೆ ಅಭ್ಯಾಸ ಮಾಡುತ್ತಾಳೆ. ಇಡೀ ಜಗತ್ತಿಗೆ ಕೂತು ನೋಡಲು ಜಾಗ ಮಾಡಿಕೊಟ್ಟ ಗ್ಯಾನಪ್ಪ ಆ ಹುಡುಗಿ ಬಂಡೆ ಹತ್ತುವುದನ್ನು ಒಮ್ಮೆಯೂ ನೋಡಿಲ್ಲ. ಒಂದು ದಿನ ಹೋಗಿ ನೋಡಬಾರದೇ ಎಂದು ಕೇಳಿದೆ.

"ಆಸೆ ಐತ್ರಿ. ಅದೊಂದ ಆಸೆ" ಎಂದರು. "ಅಮರಮ್ಮ ಬಾ ಅಂದ್ರ ಇವತ್ತ ಹೋಗ್ತೀನಿ. ಆಕಿ ಕರೀಲಾರದ ಆ ತ್ವಾಟದಾಗ ನಾ ಹೆಂಗ ಕಾಲಿಡ್ಲಿ?"